ಐವತ್ತೆರಡನೆಯ ಚೌಕ

ಇದನ್ನು ಮೊದಲು ಹೀಗೆ ಬರೆದಿದ್ದೆ: ನಾನು ಅಧಿಕಾರಿಯ ಮೇಜಿನ ಮೇಲೆ ಹಾಳೆ ಎಸೆದು, "ಸತ್ತ ಮಗುವನ್ನು ಎಲ್ಲಿ ಬರೆಯಲಿ, ಹೇಳಿ" ಎಂದು ಕೂಗಿದೆ. ಎಷ್ಟೋ ವರ್ಷ ಎಲ್ಲರಿಗೂ ಹೀಗೆಯೇ ಹೇಳಿಕೊಂಡು ಬಂದಿದ್ದೇನೆ. ಈಗ ಆ ಸಾಲನ್ನು ಹೊಡೆದು ಹಾಕುತ್ತಿದ್ದೇನೆ. ನಾನು ಯಾರ ಮೇಜಿನ ಮೇಲೂ ಏನನ್ನೂ ಎಸೆದವನಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಣಿಪಾಲದ ಒಂದು ಬಾಡಿಗೆ ಮಹಡಿಯಲ್ಲಿ ತಾಯಿ-ಮಕ್ಕಳ ಆರೋಗ್ಯದ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ನಾನು ಬನ್ನಂಜೆಯಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ವಾರದಲ್ಲಿ ಮೂರು ದಿನ ಮನೆಮನೆ ಸುತ್ತಿ ಫಾರಂ ತುಂಬುವುದು, ಉಳಿದ ದಿನ ಕೂತು ಅದನ್ನು ಅಂಕಿ ಮಾಡುವುದು. ಒಂದು ಮನೆಗೆ ಒಂದು ಸಾಲು, ಸಾಲಿಗೆ ಎಂಬತ್ತು ಚೌಕ. ಪಕ್ಕದ ಕೋಣೆಯಲ್ಲಿ ಆ ಅಂಕಿಗಳನ್ನು ದಪ್ಪ ಕಾರ್ಡುಗಳಲ್ಲಿ ತೂತುಗಳಾಗಿ ಕೊರೆಯುತ್ತಿದ್ದರು. ಕಾರ್ಡುಗಳು ಪೆಟ್ಟಿಗೆ ಸೇರಿ ದೂರದ ಊರಿನ ಕಂಪ್ಯೂಟರಿಗೆ ಹೋಗುತ್ತಿದ್ದವು. ಅದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಯಾವ ಊರಿನಲ್ಲಿ ಹೆಚ್ಚು ಶಿಶುಗಳು ಸಾಯುತ್ತವೆಂದು ಅದು ಹೇಳುತ್ತದೋ ಆ ಊರಿಗೆ ಒಬ್ಬ ನರ್ಸು, ಒಂದು ಜೀಪು. ಶಿಶುಮರಣಕ್ಕೆ ಐವತ್ತೆರಡನೆಯ ಚೌಕ.

ಕಾಪುವಿನ ಒಂದು ಕ್ರೈಸ್ತರ ಮನೆ. ಮಗ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆ ಉಟ್ಟಿದ್ದ ಸೀರೆ ನೀಲಿ ಎಂದು ಒಮ್ಮೆ, ಹಳದಿ ಎಂದು ಇನ್ನೊಮ್ಮೆ ಬರೆದಿದ್ದೇನೆ. ನೆನಪಿಲ್ಲ ಎಂಬುದೇ ನಿಜ. ಮಾತು ಮಾತ್ರ ಫಾರಮಿನ ಹಿಂದೆ ಗೀಚಿಕೊಂಡದ್ದು ಉಳಿದಿದೆ.

"ಈ ವರ್ಷ ಮನೆಯಲ್ಲಿ ಹೆರಿಗೆ ಆಗಿದೆಯಾ ಬಾಯಮ್ಮ?" ಎಂದು ಅತ್ತೆಯನ್ನು ಕೇಳಿದೆ.

"ಇಲ್ಲಿ ಎಂತ ಹೆರಿಗೆ ಮಾಷ್ಟ್ರೇ? ಚೊಚ್ಚಲು ತಾಯಿ ಮನೆಯಲ್ಲಿ ಅಲ್ವಾ? ಪೆನ್ನು ಹಿಡಿದು ಬಂದವರಿಗೆ ಅಷ್ಟೂ ಗೊತ್ತಿಲ್ಲವಾ?"

ಸೊಸೆ ನಗಲಿಲ್ಲ. "ಅಜೆಕಾರಿನಲ್ಲಿ ಹುಟ್ಟಿತು. ಮೂರು ದಿನ ಇತ್ತು" ಎಂದಳು. ನಾನು ಬರೆದುಕೊಳ್ಳುವಾಗ, "ಗಂಡು" ಎಂದು ಸೇರಿಸಿದಳು.

ಉತ್ತರ ಕೊಟ್ಟರೆ ಊರಿಗೆ ನರ್ಸು ಬರುತ್ತಾರೆ ಎಂದು ಹೇಳುವುದು ನಮ್ಮ ರೂಢಿ. ಹೇಳಿದೆ. "ಅಜೆಕಾರಿಗೂ ಬರ್ತಾರಾ?" ಎಂದು ಕೇಳಿದಳು. "ಅಲ್ಲಿಗೂ" ಎಂದೆ.

ಸಾವನ್ನು ಒಂದು ಮನೆಯ ಲೆಕ್ಕಕ್ಕೆ ಬರೆಯಲು ನಮ್ಮ ನಿಯಮ ಎರಡು. ಹೆರಿಗೆ ಆ ಮನೆಯಲ್ಲೇ ಆಗಿರಬೇಕು. ಹೆತ್ತವಳು ಆ ಮನೆಯಲ್ಲೇ ಇರುವವಳಾಗಿರಬೇಕು. ಕಾಪುವಿನ ಸಾಲಿನಲ್ಲಿ ಚೌಕ ಖಾಲಿ ಬಿಟ್ಟೆ. ಮುಂದಿನ ವಾರ ಅಜೆಕಾರಿಗೆ ಹೋದಾಗ ಅವಳ ತಾಯಿ, "ಅವಳು ಈಗ ಈ ಮನೆಯವಳಲ್ಲ, ಕೊಟ್ಟ ಹುಡುಗಿ. ಹೆರಲಿಕ್ಕೆ ಬಂದು ಹೋದವಳು" ಎಂದರು. ಅಲ್ಲಿಯೂ ಖಾಲಿ. ಆ ಬೀದಿಯ ಇನ್ನೆರಡು ಮನೆಗಳಲ್ಲೂ ಇದೇ ಉತ್ತರ ಸಿಕ್ಕಿತು.

ಅಧಿಕಾರಿಯನ್ನು ಕೇಳಿದ್ದು ಹೌದು. ನಿಂತುಕೊಂಡು, ಮೆತ್ತಗೆ.

"ಸರ್, ಇದನ್ನು ಯಾವ ಮನೆಗೆ ಬರೆಯುವುದು?"

"ನಿಯಮ ಎಂತ ಹೇಳ್ತದೆ?"

"ಎರಡೂ ಕಡೆ ಬೇಡ ಅಂತ."

"ಮತ್ತೆ ಎಂತ ಕೇಳುವುದು ಮಾರಾಯ? ಖಾಲಿ ಬಿಡು."

ಖಾಲಿ ಬಿಟ್ಟದ್ದನ್ನು ಯಂತ್ರ ಸೊನ್ನೆ ಎಂದು ಓದುತ್ತದೆ. ಇದು ನನಗೆ ಆಮೇಲೆ ತಿಳಿಯಿತು ಎಂದು ಹೇಳುತ್ತಿದ್ದೆ. ತರಬೇತಿಯ ನೋಟುಬುಕ್ಕಿನ ಮೊದಲ ಪುಟದಲ್ಲಿಯೇ ನನ್ನ ಕೈಬರಹದಲ್ಲಿ ಅದು ಉಂಟು.

ಮಡಿಕೆ ಮಡಿಕೆಯಾದ ಉದ್ದ ಕಾಗದದಲ್ಲಿ ಫಲಿತಾಂಶ ಬಂತು. ಸುತ್ತಲಿನ ಊರುಗಳಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ಹೆರಲು ಮರಳಿ ಬರುವ ಅಜೆಕಾರಿನ ಎದುರು ಸೊನ್ನೆ. ಇಷ್ಟು ಒಳ್ಳೆಯ ಊರೇ ಎಂದು ಅಧಿಕಾರಿ ಮೆಚ್ಚಿದರು. ಜೀಪು ಬೇರೆ ಕಡೆಗೆ ಹೋಯಿತು.

ಮರುವರ್ಷ ಕಾಪುವಿಗೆ ಹೋದಾಗ, ಮಗ ರಜೆಗೆ ಬಂದು ಹೋಗಿದ್ದ, ಸೊಸೆ ಮತ್ತೆ ತುಂಬು ಬಸುರಿ. ಅತ್ತೆ ಅವಳ ಬಟ್ಟೆಗಳನ್ನು ಟ್ರಂಕಿಗೆ ಹಾಕುತ್ತಿದ್ದರು.

"ತಾಯಿ ಮನೆಗೆ. ಚೊಚ್ಚಲಲ್ವಾ, ಕಳಿಸಲೇಬೇಕು."

"ಇದು ಎರಡನೆಯದಲ್ವಾ ಬಾಯಮ್ಮ?"

"ನಿಲ್ಲದ್ದನ್ನು ಲೆಕ್ಕ ಹಿಡಿಯುವುದುಂಟಾ ಮಾಷ್ಟ್ರೇ?"

ಸೊಸೆ ನನ್ನ ಕಡೆ ತಿರುಗಿ, "ಅಜೆಕಾರಿಗೆ ನರ್ಸು ಬಂದಿದ್ದಾರಾ?" ಎಂದಳು.

ಇಲ್ಲಿ ನನ್ನ ನೆನಪು ಎರಡು ಉತ್ತರ ಕೊಡುತ್ತದೆ. ಒಂದರಲ್ಲಿ, "ಇಲ್ಲ, ನೀವು ಉಡುಪಿಗೆ ಹೋಗಿ, ಆಸ್ಪತ್ರೆಗೆ" ಎಂದು ಹೇಳಿದ್ದೇನೆ. ಇನ್ನೊಂದರಲ್ಲಿ, "ಬರ್ತಾರೆ" ಎಂದಿದ್ದೇನೆ. ಮೊದಲನೆಯದನ್ನು ನಾನು ನಂಬುವುದಿಲ್ಲ. ಅದು ನನಗೆ ತೀರಾ ಅನುಕೂಲವಾಗಿದೆ.

ಮುಂದಿನ ಸುತ್ತಿನಲ್ಲಿ ಅತ್ತೆ ಒಬ್ಬರೇ ಇದ್ದರು.

"ಮಗು?"

"ಹೆಣ್ಣು. ಅಲ್ಲೇ ಉಂಟು, ಆ ಅಜ್ಜಿಯ ಹತ್ತಿರ."

"ಸೊಸೆ?"

"ಅವಳೂ ಅಲ್ಲೇ" ಎಂದರು. ಇಗರ್ಜಿಯ ಹಿಂದೆ, ಮಣ್ಣು ಮಾಡಿದಲ್ಲಿ ಎಂದು ಆಮೇಲೆ ಹೇಳಿದರು. ರಕ್ತ ನಿಲ್ಲಲಿಲ್ಲವಂತೆ. ಕಾರ್ಕಳಕ್ಕೆ ಒಯ್ಯಲು ಕಾರು ಹುಡುಕುತ್ತಿರುವಾಗಲೇ ಮುಗಿಯಿತಂತೆ.

ಅವಳು ಕಾಪುವಿನ ಮನೆಯವಳು. ಆ ಸಾಲಿನಲ್ಲಿ, ತಾಯಿಯ ಮರಣದ ಚೌಕದಲ್ಲಿ, ನಿಯಮ ನೋಡದೆ ಒಂದು ಎಂದು ಬರೆದೆ. ಇದು ನಿಜ, ಸಾಕ್ಷಿ ಉಂಟು. ತಿಂಗಳ ನಂತರ ಯಂತ್ರ ಕಂಡುಹಿಡಿದ ತಪ್ಪುಗಳ ಪಟ್ಟಿ ಬಂತು. ಕಾಪುವಿನ ಆ ಮನೆಯ ಸಾಲಿನ ಮುಂದೆ ಒಂದು ನಕ್ಷತ್ರದ ಗುರುತು: ಈ ಮನೆಯಲ್ಲಿ ಹೆರಿಗೆಯೇ ಇಲ್ಲ, ಹೆರಿಗೆಯಲ್ಲಿ ಸಾವು ಹೇಗೆ?

"ಸರಿ ಮಾಡಿ ಕಳಿಸು" ಎಂದರು ಅಧಿಕಾರಿ. ಅವರು ಗದರಿಸಲಿಲ್ಲ. ಗದರಿಸಿದ್ದರೆ ಬರೆಯಲು ಚೆನ್ನಾಗಿರುತ್ತಿತ್ತು.

ರಬ್ಬರು ತೆಗೆದುಕೊಂಡು ಉಜ್ಜಿದೆ. ಕಾಗದ ಅಲ್ಲಿ ತೆಳ್ಳಗಾಯಿತು. ತಿದ್ದಿದವರು ಮೂಲೆಯಲ್ಲಿ ಸಹಿ ಹಾಕಬೇಕಿತ್ತು, ಹಾಕಿದೆ. ಮುಂದಿನ ಪಟ್ಟಿ ಬಂದಾಗ ಆ ಮನೆಯ ಮುಂದೆ ನಕ್ಷತ್ರ ಇರಲಿಲ್ಲ.