ಕಿಡ್ನಿ ಕೊಟ್ಟವಳ ಮಾತು

ನನ್ನಿವಾಳದ ಸೂರಮ್ಮ ಒಂದು ಕಡೆ ಸುಮ್ಮನೆ ಕೂತವಳಲ್ಲ. ಕಡಲೆಕಾಯಿ ಕೀಳುವ ಕೂಲಿಗೆ ಹೋದರೆ ಹೊಲದ ಯಜಮಾನನಿಗೇ ಬುದ್ಧಿ ಹೇಳುವ ಬಾಯಿ. ಮಗ ಅಂಜಿನೇಯನ ಎರಡೂ ಕಿಡ್ನಿ ಕೆಟ್ಟಾಗ, ನೆಂಟರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿರುವಾಗಲೇ, "ನಂದು ತಗೊಳ್ರಿ, ಇದಕ್ಕೆ ಇಷ್ಟೊತ್ತು ಯಾಕೆ?" ಎಂದು ಡಾಕ್ಟರನ್ನೇ ಗದರಿಸಿದ್ದಳು. ಅವಳ ಕಿಡ್ನಿ ಹಾಕಿಸಿಕೊಂಡಲ್ಲಿಂದಾಚೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ತೂಕ ಹಾಕುವ ಅಂಜಿನೇಯ ಅವ್ವನಿಗೆ ಎದುರಾಡಿದ್ದೇ ಇಲ್ಲ. ಜಗಳಗಂಟ ಮಗ ದಾರಿಗೆ ಬಂದನಲ್ಲ ಎಂದು ಸೂರಮ್ಮನಿಗೆ ಹೆಮ್ಮೆ.

ಈ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗಿಗೆ ಅಮ್ಮ ಬಂತು. ಆಮೇಲೆ ಅಂಜಿನೇಯನಿಗೆ. ಮೈತುಂಬ ನೀರುಗುಳ್ಳೆ, ಕೆಂಡದಂಥ ಜ್ವರ. ಸೂರಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು, ಒಗ್ಗರಣೆ ನಿಲ್ಲಿಸಿದಳು, ಮಾತ್ರೆಯನ್ನೂ ನಿಲ್ಲಿಸಿದಳು.

"ಅಮ್ಮ ಮೈಮ್ಯಾಲೆ ಇರೋವಾಗ ಮಾತ್ರೆ ನುಂಗಿದ್ರೆ ಮುನಿಸ್ಕೊಂತಾಳೆ. ತಲೆಗೆ ನೀರು ಹುಯ್ಯೋಗಂಟ ಬ್ಯಾಡ."

ಮೊಳಕಾಲ್ಮೂರು ಕಡೆಯ ಕೊಂಡ್ಲಹಳ್ಳಿಯಿಂದ ಬಂದ ಸೊಸೆ ನಿರ್ಮಲಾಗೆ ಅಳು ಒತ್ತರಿಸಿಕೊಂಡು ಬಂತು. "ಅತ್ತೆ, ಅದು ಜ್ವರದ ಮಾತ್ರೆ ಅಲ್ಲ. ನಿಮ್ಮ ಕಿಡ್ನೀನ ಇವರ ಮೈಯಾಗೆ ಉಳಿಸೋ ಮಾತ್ರೆ. ಒಂದು ಹೊತ್ತೂ ತಪ್ಪಿಸಬ್ಯಾಡ್ರಿ ಅಂದವ್ರೆ."

"ಅಮ್ಮನಿಗಿಂತ ನಿನ್ನ ಡಾಕ್ಟ್ರು ದೊಡ್ಡೋರಾ? ಸುಮ್ನಿರು."

ಅಂಜಿನೇಯ ಇಬ್ಬರನ್ನೂ ನೋಡಿದ. ಗೋಡೆ ಕಡೆ ಹೊರಳಿ ಮಲಗಿದ.

ಎರಡೇ ದಿನಕ್ಕೆ ಅವನ ಉಸಿರು ಮೇಲಕ್ಕೆಳೆಯತೊಡಗಿತು, ಮೂತ್ರ ಕಡಿಮೆಯಾಯಿತು. ಸೂರಮ್ಮ ಅಂಗಳಕ್ಕೆ ಹೋದಳು, ಒಳಗೆ ಬಂದಳು, ಮತ್ತೆ ಅಂಗಳಕ್ಕೆ ಹೋದಳು. ಅಮ್ಮ ಬಂದವರು ಊರ ಗಡಿ ದಾಟಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವಳೇ ಅವಳು. ಆದರೆ ನಿರ್ಮಲಾ ಯಾರನ್ನೂ ಕೇಳದೆ ಕಾರು ಕರೆಸಿದಾಗ ಎಲ್ಲರಿಗಿಂತ ಮೊದಲು ಹತ್ತಿ ಕೂತಳು. ದಾರಿಯುದ್ದಕ್ಕೂ ಅಮ್ಮನಿಗೆ ತಪ್ಪಾಯಿತೆಂದು ಕೈಮುಗಿಯುತ್ತ, ಡ್ರೈವರಿಗೆ "ಜೋರಾಗಿ ಬಿಡಪ್ಪಾ" ಎಂದು ಬೈಯುತ್ತ ಹೋದಳು.

ಕಿಡ್ನಿ ಹಾಕಿದ್ದ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಮಾತ್ರೆ ಯಾಕೆ ಬಿಟ್ಟಿರಿ?"

"ಮರ್ತೋಯ್ತು ಸಾರ್," ಎಂದ ಅಂಜಿನೇಯ.

"ಸುಳ್ಳು! ನಾನೇ ಬಿಡಿಸಿದ್ದು." ಸೂರಮ್ಮ ಮುಂದೆ ಬಂದಳು.

ಡಾಕ್ಟರು ಬೈಯಲಿಲ್ಲ. ಸೋಂಕು ಶ್ವಾಸಕೋಶಕ್ಕೆ ಇಳಿದಿದೆ, ಮಾತ್ರೆ ಕಡಿಮೆ ಮಾಡುವುದಿದ್ದರೂ ನಾವು ನೋಡಿ ಅಳೆದು ಮಾಡಬೇಕಿತ್ತು, ಕಿಡ್ನಿ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದರು.

ಅಮ್ಮ ಒಮ್ಮೆ ಬಂದು ಹೋದವರು ಮಾತ್ರ ರೋಗಿಯ ಜೊತೆಗಿರಬಹುದು ಎಂದಳು ನರ್ಸ್. ನಿರ್ಮಲಾಗೆ ಬಂದಿರಲಿಲ್ಲ. ಸೂರಮ್ಮನಿಗೆ ಚಿಕ್ಕಂದಿನಲ್ಲೇ ಬಂದಿತ್ತು. ನಿರ್ಮಲಾ ಡಾಕ್ಟರು ಅಳೆದು ಬರೆದುಕೊಟ್ಟ ಮಾತ್ರೆಗಳನ್ನು ಅತ್ತೆಯ ಅಂಗೈಗಿಟ್ಟಳು, ಆದರೆ ಬೆರಳು ಬಿಡಲು ಹೊತ್ತು ಹಿಡಿಯಿತು.

"ಕೊಡ್ತೀರಲ್ಲ ಅತ್ತೆ?"

"ಕೊಡ್ತೀನಿ ಕಣವ್ವ."

ಒಳಗೆ ಮಗನ ತಲೆ ಎತ್ತಿ ಹಿಡಿದು ಮಾತ್ರೆ ನುಂಗಿಸಿದಳು. ಬಾಯಿ ತೆರೆಸಿ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ನಿನಗೆ ಎಲ್ಲಾ ಗೊತ್ತಿತ್ತಲ್ಲೋ. ನಾನು ಬ್ಯಾಡ ಅಂದ್ರೆ ನೀನ್ಯಾಕೆ ಸುಮ್ನಾದೆ?"

"ನಿಂದನ್ನೇ ಒಳಗಿಟ್ಕೊಂಡು ನಿನಗೆ ಹೆಂಗವ್ವ ಇಲ್ಲ ಅನ್ಲಿ?"

ಸೂರಮ್ಮ ಮಗನ ಕೈ ಹಿಡಿದು ಜಗ್ಗಿದಳು.

"ಇಲ್ಲ ಅನ್ನು ಕಣೋ. ಈಗಲೇ ಒಂದ್ಸಲ ಅನ್ನು, ನಾನು ಕೇಳ್ಬೇಕು."