ಬರೆದು ಕೊಡಿ

ಕಚೇರಿಯಲ್ಲಿ ಹೊಸದೊಂದು ಬರುವುದನ್ನು ತಡೆಯುವುದು ಹೇಗೆ ಎಂದು ನನ್ನನ್ನು ಕೇಳಿ, ಹೇಳಿಕೊಡುತ್ತೇನೆ. ಮೈಸೂರಿನ ಒಂದು ಹಳೆಯ ವಿದ್ಯಾಸಂಸ್ಥೆಯ ದಾಖಲೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತವಳು ನಾನು. ಮೊದಲು "ಒಳ್ಳೇ ಯೋಚನೆ" ಅನ್ನಬೇಕು. ಎದುರು ಮಾತಾಡುವವರು ದಡ್ಡರು. ಆಮೇಲೆ ಯಾವುದಾದರೂ ಹಳೆಯ ಸುತ್ತೋಲೆ ಹುಡುಕಿ ಮುಂದಿಡಬೇಕು. ಅದಕ್ಕೂ ಬಗ್ಗದಿದ್ದರೆ ಒಂದು ಸಮಿತಿ ಮಾಡಿಸಬೇಕು. ಸಮಿತಿಯೊಳಗೆ ಹೋದದ್ದು ಮತ್ತೆ ಹೊರಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಹೀಗೆಯೇ ಮೂವರು ಆಡಳಿತಾಧಿಕಾರಿಗಳನ್ನು ಸಾಗಹಾಕಿದ್ದೆ.

ನಾಲ್ಕನೆಯವರು ಒಬ್ಬ ಹೆಂಗಸು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಬಂದ ವಾರವೇ ನಮ್ಮ ಕೌಂಟರಿನ ಹೊರಗೆ ನಿಂತು, ಬಗ್ಗಿ ನೋಡಿ, ಎದ್ದು ಸೊಂಟ ಹಿಡಿದುಕೊಂಡೇ ಒಳಗೆ ನನ್ನೆದುರಿಗೆ ಬಂದು, "ಈ ಗಾಜು ತೆಗೆಸಿಬಿಡೋಣ ಮೇಡಂ" ಅಂದರು.

ಆ ಗಾಜು ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಒಳಗಿನವರು ಹೊರಗಿನವರಿಗೆ ಕಾಣಬಾರದೆಂದು ತಲೆಯೆತ್ತರದವರೆಗೂ ಹಸಿರು ಬಣ್ಣ ಬಳಿದಿತ್ತು. ಕೆಳಗೆ ಕೈ ತೂರುವಷ್ಟು ಒಂದು ಕಿಂಡಿ. ಬಂದವರು ಸೊಂಟ ಬಗ್ಗಿಸಿ ಕಿಂಡಿಗೆ ಬಾಯಿ ಕೊಟ್ಟು ಏನೋ ಹೇಳುತ್ತಿದ್ದರು. ಒಳಗಿನಿಂದ ನನ್ನದು ಒಂದೇ ಮಾತು: "ಬರೆದು ಕೊಡಿ." ಪಕ್ಕದಲ್ಲೇ ದಾರಕ್ಕೆ ಕಟ್ಟಿದ ಚೀಟಿಗಳ ಕಟ್ಟು. ಹೆಸರು, ಓದಿದ ವರ್ಷ, ತರಗತಿ, ಬೇಕಾದ ಪತ್ರ, ಇಷ್ಟೂ ಬರೆದ ಚೀಟಿ ಒಳಗೆ ಬಂದರೆ ಪ್ರಮಾಣಪತ್ರ ಹೊರಗೆ ಹೋಗುತ್ತಿತ್ತು. ಒಂದು ತಪ್ಪಿದರೂ ಚೀಟಿ ವಾಪಸ್. ನಮ್ಮ ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರ ಗತ್ತು ಮೊಮ್ಮಗಳಿಗೆ ಬಂದಿದೆ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಯಾಕೆಂದರೆ ನಿಜ ಸಂಗತಿ ಬೇರೆಯೇ ಇತ್ತು. ನನಗೆ ಕಿವಿ ಕೇಳಿಸುತ್ತಿರಲಿಲ್ಲ. ಎಡಗಿವಿ ಆರು ವರ್ಷದ ಹಿಂದೆಯೇ ಕೈಕೊಟ್ಟಿತ್ತು, ಬಲಗಿವಿಯೂ ಅದರ ದಾರಿ ಹಿಡಿದಿತ್ತು. ಕಿಂಡಿಯಿಂದ ಬರುವ ಮಾತು ಬರೀ ಗೊಜಗೊಜ. ಎದುರು ಕೂತವರ ಮಾತು ಮಾತ್ರ ಹೇಗೋ ಸಾಗುತ್ತಿತ್ತು, ಅದು ಬಲಗಿವಿಯ ಪುಣ್ಯ ಎಂದುಕೊಂಡಿದ್ದೆ. ಕಿವಿಗೆ ಯಂತ್ರ ಹಾಕಿಕೊಂಡರೆ ಹತ್ತು ಜನಕ್ಕೆ ಕಾಣುತ್ತದೆ. ಕಂಡರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಹಿಂದಿನ ಕೋಣೆಗೆ, ಹಳೆಯ ರಿಜಿಸ್ಟರುಗಳ ನಡುವೆ ಕೂರಿಸುತ್ತಾರೆ. ಎಬ್ಬಿಸುವಾಗ "ಪಾಪ" ಅನ್ನುತ್ತಾರೆ. ಬೇರೆ ಏನು ಬೇಕಾದರೂ ಅನ್ನಿಸಿಕೊಂಡೇನು, ಆ "ಪಾಪ" ಒಂದು ನನಗೆ ಆಗದು. ಅದಕ್ಕೇ ಆ ಚೀಟಿಗಳು. ಗಾಜು ಹೋದರೆ ಜನ ಎದುರು ಬಂದು ಬಾಯಲ್ಲೇ ಕೇಳುತ್ತಾರೆ, ಅಲ್ಲಿಗೆ ನನ್ನ ಕಥೆ ಮುಗಿಯಿತು.

ಬಿಡುತ್ತೇನೆಯೇ? "ಒಳ್ಳೇ ಯೋಚನೆ ಮೇಡಂ" ಎಂದವಳೇ ಒಂಬತ್ತು ಕಾರಣ ಬರೆದ ಮನವಿ ತಯಾರಿಸಿದೆ. ಧೂಳು ಬರುತ್ತದೆ, ಫ್ಯಾನಿನ ಗಾಳಿಗೆ ಕಾಗದ ಹಾರುತ್ತದೆ, ಜನ ಕತ್ತು ಚಾಚಿ ಕಡತ ಇಣುಕುತ್ತಾರೆ, ದಾಖಲೆಗಳ ಭದ್ರತೆಗೆ ಯಾರು ಹೊಣೆ, ಹೀಗೆ. ಪಕ್ಕದ ಟೇಬಲ್ಲಿನ ಗುಮಾಸ್ತರು ಓದಿ ನೋಡಿ, "ಇದನ್ನ ದಾಟಿ ಬರೋ ಅಧಿಕಾರಿ ಇನ್ನೂ ಹುಟ್ಟಿಲ್ಲ ಬಿಡಿ" ಅಂದು ಮೊದಲ ಸಹಿ ಹಾಕಿದರು. ವಿಭಾಗದಲ್ಲಿ ಎಲ್ಲರೂ ಸಹಿ ಹಾಕಿದರು.

ಅಧಿಕಾರಿ ಒಂಬತ್ತನ್ನೂ ಓದಿದರು. ಕೋಪಿಸಿಕೊಳ್ಳಲಿಲ್ಲ, ಸಮಿತಿಯನ್ನೂ ಮಾಡಲಿಲ್ಲ. ನನ್ನ ಟೇಬಲ್ಲಿಗೇ ಬಂದು ಎದುರಿಗೆ ಕೂತರು.

"ಒಂದೇ ವಾರ ನೋಡೋಣ ಮೇಡಂ. ಗಾಜು ಒಡೆಸಲ್ಲ, ಸ್ಟೋರ್ ರೂಮಲ್ಲಿ ಇಡಿಸ್ತೀನಿ. ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ. ವಾರ ಆದ್ಮೇಲೆ ನೀವು ಬೇಡ ಅಂದ್ರೆ ನಾನೇ ನಿಂತು ವಾಪಸ್ ಹಾಕಿಸ್ತೀನಿ."

ಬೀಗದ ಕೈಯನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟೇ ಹೋದರು. ಇಂಥದ್ದಕ್ಕೆ ನನ್ನ ಬಳಿ ಸುತ್ತೋಲೆ ಇರಲಿಲ್ಲ ನೋಡಿ! ಬೀಗದ ಕೈ ಬ್ಯಾಗಿಗೆ ಹಾಕಿಕೊಂಡೆ. ಒಂದು ವಾರ ಹೇಗಾದರೂ ಹಲ್ಲು ಕಚ್ಚಿಕೊಂಡಿದ್ದು ಗಾಜನ್ನು ವಾಪಸ್ ತರಿಸುವುದೆಂದು ತೀರ್ಮಾನಿಸಿದೆ.

ಸೋಮವಾರ ಬೆಳಿಗ್ಗೆ ಗಾಜಿರಲಿಲ್ಲ. ಒಂದು ಟೇಬಲ್, ಆಚೆ ಬದಿಗೆ ಒಂದು ಕುರ್ಚಿ. ಮೊದಲು ಬಂದವರು ಒಬ್ಬ ಅಜ್ಜಿ. ಮುಖ ನೋಡಿರಲಿಲ್ಲ, ಆದರೆ ಕೈ ಗೊತ್ತಿತ್ತು. ಮಣಿಕಟ್ಟಿನ ಮೇಲೆ ಹಚ್ಚೆಯಿದ್ದ ಆ ಕೈ ಮೂರು ಸಲ ಕಿಂಡಿಯೊಳಗೆ ಬಂದಿತ್ತು. ಮೂರು ಸಲವೂ ಬೇರೆ ಬೇರೆ ಅಕ್ಷರದ ಚೀಟಿ. ಒಂದರಲ್ಲಿ ವರ್ಷ ಇಲ್ಲ, ಒಂದರಲ್ಲಿ ತರಗತಿ ಇಲ್ಲ. ಏನು ಉಡಾಫೆ ಈ ಜನಕ್ಕೆ ಎಂದು ಮೂರನ್ನೂ ಹೊರಗೆ ತಳ್ಳಿದ್ದೆ.

ಅಜ್ಜಿ ಕುರ್ಚಿಯ ತುದಿಯಲ್ಲಿ ಕೂತರು. ಅಭ್ಯಾಸ ಬಿಡುತ್ತದೆಯೇ, ಚೀಟಿ ಮುಂದೆ ತಳ್ಳಿದೆ. ಅವರು ನನ್ನ ಮುಖ ನೋಡಿಕೊಂಡೇ ಹೇಳಿದರು:

"ಕುಂಬಾರಕೊಪ್ಪಲಿಂದ ಬತ್ತಿದೀನಿ ಕಣವ್ವ, ಸೊಪ್ಪು ಮಾರೋಳು. ಮೊಮ್ಮಗ್ಳಿಗೆ ಕಡಕೊಳದ ಫ್ಯಾಕ್ಟ್ರೀಲಿ ಕೆಲ್ಸ ಸಿಕ್ಕಿ, ಓಯ್ತಾವ್ಳೆ. ಇಲ್ಲಿ ಓದಿದ್ದು ಅಂತ ಕಾಗ್ದ ಬೇಕಂತೆ. ಶನಿವಾರದೊಳಗೆ ಕೊಡ್ದಿದ್ರೆ ಬ್ಯಾರೇವ್ರನ್ನ ತಕತಾರಂತೆ. ಅವ್ಳಿಗೆ ರಜ ಕೊಡಕಿಲ್ಲ, ಅದ್ಕೇ ನಾನೇ ಬಂದ್ಬುಟ್ಟೆ."

ಪೂರ್ತಿ ಅರ್ಥವಾಯಿತು! ಒಂದು ಮಾತೂ ಬಿಟ್ಟುಹೋಗಲಿಲ್ಲ. ಬಲಗಿವಿಯ ಪುಣ್ಯ ಅಲ್ಲವೇ ಅಲ್ಲ, ಕಣ್ಣಿನ ಪುಣ್ಯ. ಅವರ ತುಟಿ ನನಗೆ ಕಾಣುತ್ತಿತ್ತು. ಇಷ್ಟು ವರ್ಷ ನನ್ನನ್ನು ಕಾಪಾಡುತ್ತಿದೆ ಎಂದುಕೊಂಡಿದ್ದ ಗಾಜೇ ನನ್ನನ್ನು ಇನ್ನಷ್ಟು ಕಿವುಡಿ ಮಾಡಿತ್ತು. ಅದನ್ನು ಉಳಿಸಿಕೊಳ್ಳಲು ಒಂಬತ್ತು ಕಾರಣ ಬರೆದೆನಲ್ಲ, ಎಂಥ ಪೆದ್ದಿ ನಾನು!

ಅಷ್ಟರಲ್ಲಿ ಅಜ್ಜಿ ತಲೆ ಬಗ್ಗಿಸಿ ಕೈಚೀಲದಲ್ಲಿ ಏನೋ ತಡಕುತ್ತಾ ಮಾತು ಮುಂದುವರಿಸಿದರು. ತುಟಿ ಮರೆಯಾಯಿತು, ಮಾತೂ ಹೋಯಿತು. ಕಚೇರಿಯ ಆ ತುದಿಯಲ್ಲಿ ಅಧಿಕಾರಿ ನಿಂತಿದ್ದರು, ಪಕ್ಕದಲ್ಲಿ ಗುಮಾಸ್ತರು. "ಬರೆದು ಕೊಡಿ" ಅಂದರೆ ಬಚಾವಾಗುತ್ತಿದ್ದೆ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಶನಿವಾರದೊಳಗೆ ಅಂದಿದ್ದರಲ್ಲ. ಆ ಹಚ್ಚೆಯ ಕೈಯನ್ನು ನಾಲ್ಕನೇ ಸಲ ವಾಪಸ್ ಕಳಿಸಲು ನನಗೆ ಮನಸ್ಸು ಬರಲಿಲ್ಲ.

"ಅಮ್ಮ, ತಲೆ ಎತ್ತಿ ಮಾತಾಡಿ. ನನಗೆ ಕಿವಿ ಕೇಳಿಸಲ್ಲ" ಅಂದೆ.

ಕಿವಿ ಮಂದವಾದವರ ದನಿ ಅವರ ಹಿಡಿತದಲ್ಲಿರುವುದಿಲ್ಲ. ಇಡೀ ಕಚೇರಿ ತಿರುಗಿ ನೋಡಿತು. ಯಾರಾದರೂ "ಪಾಪ" ಅಂದರೋ ಏನೋ, ನನಗೆ ಕೇಳಿಸಲಿಲ್ಲ.

ಅಜ್ಜಿ ತಲೆ ಎತ್ತಿ ನನ್ನನ್ನೇ ನೋಡಿದರು. ಚೀಲದಿಂದ ಕೈ ತೆಗೆದು ಚೀಟಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಕನ್ನಡ್ಕ ಮರ್ತ್ಬಂದೆ ಅಂತ ಏಳ್ತಿದ್ದೆ ಕಣವ್ವ. ಕನ್ನಡ್ಕನೂ ಇಲ್ಲ, ಏನೂ ಇಲ್ಲ. ನಂಗೆ ಬರಿಯಕ್ಕೇ ಬರಕಿಲ್ಲ. ಯಾರ್ಯಾರ ಕೈಲೋ ಬರ್ಸ್ಕೊಂಡು ತರ್ತಿದ್ದೆ. ಅವ್ರು ಏನ್ ಬರೀತಿದ್ರೋ ಏನೋ."

ನನಗೆ ನಾಚಿಕೆಯಾಯಿತು. ಕಿವಿಯ ವಿಷಯಕ್ಕಲ್ಲ. ಗಾಜಿನ ಈಚೆ ನಾನು ಕಿವಿಯನ್ನು ಮುಚ್ಚಿಟ್ಟುಕೊಂಡು ಕೂತಿದ್ದೆ, ಆಚೆ ನಿಂತವರು ಅಕ್ಷರ ಬರುವುದಿಲ್ಲವೆಂಬುದನ್ನು ಮುಚ್ಚಿಟ್ಟುಕೊಂಡಿದ್ದರು. ಇಂಥ ಎಷ್ಟು ಕೈಗಳನ್ನು ವಾಪಸ್ ತಳ್ಳಿದ್ದೆನೋ. ಚೀಟಿ ಎಳೆದುಕೊಂಡು ಪೆನ್ನು ತೆಗೆದೆ.

"ನೀವು ಹೇಳಿ, ನಾನು ಬರ್ಕೋತೀನಿ."

ಅಜ್ಜಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದರು. ಹನ್ನೆರಡು ಗಂಟೆಗೆ ಪತ್ರ ಅವರ ಕೈಯಲ್ಲಿತ್ತು.

ಊಟದ ಹೊತ್ತಿಗೆ ಅಧಿಕಾರಿಯ ಕೋಣೆಗೆ ಹೋದೆ. ಬೀಗದ ಕೈಯನ್ನು ಅವರ ಟೇಬಲ್ಲಿನ ಮೇಲಿಟ್ಟೆ.

"ಇನ್ನೂ ವಾರ ಆಗಿಲ್ವಲ್ಲ ಮೇಡಂ?" ಅಂದರು.

"ಆ ಗಾಜು ನಮಗೆ ಬೇಡ. ಗುಜರಿಗೆ ಹಾಕಿಬಿಡಿ."

ಅವರು ನನಗೆ ಚೆನ್ನಾಗಿ ಕಾಣುವಂತೆ ಮುಖವನ್ನು ಮುಂದಕ್ಕೆ ತಂದರು. ನಗು ತಡೆದುಕೊಂಡು, ತುಟಿ ಬಿಡಿಸಿ ಹೇಳಿದರು:

"ಬರೆದು ಕೊಡಿ."