ಸುಮಿತ್ರ ಹೇಳಿದ್ದು, ಮನೆಯವರು ಕೇಳದ್ದು

ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಚ್ಚಲಿನ ಬಕೆಟ್ಟಿನಲ್ಲಿ ಬಿಸಿನೀರು ಹಬೆಯಾಡುತ್ತಿದೆ. ಸುಮಿತ್ರ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಮಣೆಯ ಮೇಲೆ ಕಾಲು ನೀಡಿ ಕುಳಿತಿದ್ದಾರೆ. ನೀಡಿದ ಕಾಲುಗಳ ಮೇಲೆ, ಮೈತುಂಬ ತೆಂಗಿನೆಣ್ಣೆ ಹೊಳೆಯುತ್ತಿರುವ ಕೆಲಸದ ಮನೆಯ ಹತ್ತು ತಿಂಗಳ ಮಗು ಪಾವನಾ ಮಕಾಡೆ ಮಲಗಿದ್ದಾಳೆ. ಚೊಂಬು ಎತ್ತುವ ಮೊದಲು ಸುಮಿತ್ರ ಮೊಣಕೈಯನ್ನು ನೀರಿಗೆ ಮುಟ್ಟಿಸಿ ನೋಡುತ್ತಾರೆ. “ಕೈಗೆ ಬಿಸಿ ಗೊತ್ತಾಗುದಿಲ್ಲ, ದಡ್ಡು ಕಟ್ಟಿದೆ. ಮೊಣಕೈಯನ್ನೇ ನಂಬುದು,” ಎನ್ನುತ್ತಾರೆ. ನೀರು ಬೆನ್ನ ಮೇಲೆ ಬಿದ್ದಾಗ ಮಗು ಒಮ್ಮೆ ಉಸಿರು ಎಳೆದುಕೊಂಡು, ಅಳಬೇಕೋ ಬೇಡವೋ ಎಂದು ಯೋಚಿಸಿ, ಬೇಡವೆಂದು ತೀರ್ಮಾನಿಸುತ್ತದೆ.

ಸುಮಿತ್ರ ಅವರಿಗೆ ಈಗ, 1998ರಲ್ಲಿ, ಐವತ್ತೊಂದು. ಊರು ಕಾಸರಗೋಡಿನ ಕುಂಬಳೆ. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡ ಜ್ವರದಲ್ಲಿ ತೀರಿಕೊಂಡರು, ಸ್ವಂತ ಮಕ್ಕಳಿಲ್ಲ. ತಂಗಿಯ ಮೂವರನ್ನು ಎತ್ತಿ ಆಡಿಸಿದ ಅನುಭವವೇ ಹೊಟ್ಟೆಪಾಡಿನ ದಾರಿಯಾಯಿತು. ಇದುವರೆಗೆ ಇವರ ಕಾಲ ಮೇಲೆ ಮಿಂದ ಮಕ್ಕಳು ಒಂಬತ್ತು. ದಿನಕ್ಕೆ ಒಗೆಯುವ ಬಟ್ಟೆತುಂಡುಗಳು ಇಪ್ಪತ್ತಕ್ಕೆ ಕಡಿಮೆಯಿಲ್ಲ, ಮಳೆಗಾಲದಲ್ಲಿ ಅವೆಲ್ಲವನ್ನೂ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಒಣಗಿಸಬೇಕು. ಬಾಟಲಿ ಆರು, ಪ್ರತಿಯೊಂದನ್ನೂ ಕುದಿಸಬೇಕು. ಮಗುವಿಗೆ ರಾಗಿ ಮಣ್ಣಿ, ಅಂದರೆ ರಾಗಿ ಸರಿ, ಎರಡು ಹೊತ್ತು. ಇದರ ನಡುವೆ ಪಾವನಾಳ ಅಣ್ಣ, ನಾಲ್ಕು ವರ್ಷದ ಶ್ರೇಯಸ್, ‘ಅಮ್ಮೂಮ್ಮೇ’, ಅಜ್ಜೀ, ಎಂದು ಮಲಯಾಳದಲ್ಲಿ ಕೂಗುತ್ತ ಬರುತ್ತಾನೆ. ಇವರು ಕನ್ನಡದಲ್ಲಿ ಕೇಳುತ್ತಾರೆ, ಅವನು ಮಲಯಾಳದಲ್ಲಿ ಹೇಳುತ್ತಾನೆ. ಇಬ್ಬರಿಗೂ ತೊಂದರೆಯಿಲ್ಲ.

ಈ ಮನೆಗೆ ಬರುವ ಮೊದಲು ಸುಮಿತ್ರ ಕೊಚ್ಚಿಯ ಕಳಮಶ್ಶೇರಿಯಲ್ಲಿದ್ದರು. ಬ್ಯಾಂಕ್ ಅಧಿಕಾರಿ ದಾಮೋದರ ಅವರಿಗೆ ಕಾಸರಗೋಡಿನಿಂದ ಅಲ್ಲಿಗೆ ವರ್ಗವಾದಾಗ, ಆಗಷ್ಟೇ ಹುಟ್ಟಿದ ಮಗಳು ನಂದಿತಾಳನ್ನು ನೋಡಿಕೊಳ್ಳಲು ಇವರನ್ನೂ ಕರೆದುಕೊಂಡು ಹೋಗಿದ್ದರು. ದಾಮೋದರ ಅವರ ಹೆಂಡತಿ ವಸಂತಿಯೂ ಕೆಲಸಕ್ಕೆ ಹೋಗುವವರು. ಹಗಲಿಡೀ ಮಗುವಿನ ಜೊತೆ ಸುಮಿತ್ರ, ಒಳಕೋಣೆಯಲ್ಲಿ ದಾಮೋದರ ಅವರ ತಾಯಿ. ನಂದಿತಾ ಲಕ್ಷಣವಾದ, ಸದ್ದುಗದ್ದಲವಿಲ್ಲದ ಮಗು. ಮನೆಗೆ ಬಂದವರೆಲ್ಲ ಅದನ್ನೇ ಹೊಗಳುತ್ತಿದ್ದರು. ಸುಮಿತ್ರ ಅವರ ಮನಸ್ಸಿಗೆ ಕಸಿವಿಸಿಯಾದದ್ದೂ ಅದರಿಂದಲೇ.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಸ್ಟೀಲಿನ ಪಾತ್ರೆಗಳ ಸಾಲೇ ಕುಸಿದು ಬಿತ್ತು. ಒಳಗಿದ್ದ ಅಜ್ಜಿ ಬೆಚ್ಚಿ ಎದ್ದು ಬಂದರು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗು ರೆಪ್ಪೆ ಅಲುಗಿಸಲಿಲ್ಲ. ಆಮೇಲೆ ಹತ್ತು ದಿನ ಸುಮಿತ್ರ ಯಾರಿಗೂ ಹೇಳದೆ ನೋಡಿದರು. ಮಗುವಿನ ಬೆನ್ನ ಹಿಂದೆ, ನೆರಳು ಬೀಳದ ಹಾಗೆ ನಿಂತು ತಟ್ಟೆ ಬಡಿದರು. ಹೆಸರು ಹಿಡಿದು ಕರೆದರು. ಸಂಜೆ ಕಾರ್ಖಾನೆಯ ಸೈರನ್ ಊರೆಲ್ಲ ಕೇಳುವಂತೆ ಕೂಗುವಾಗ ಅದರ ಮುಖವನ್ನೇ ನೋಡುತ್ತ ಕುಳಿತರು. ನೆಲಕ್ಕೆ ಕಾಲು ಅಪ್ಪಳಿಸಿದರೆ ಮಗು ತಿರುಗುತ್ತಿತ್ತು, ನೆರಳು ಕಂಡರೆ ನಗುತ್ತಿತ್ತು. ಬರೀ ಸದ್ದಿಗೆ ಮಾತ್ರ ಇಲ್ಲ. ಹನ್ನೊಂದನೆಯ ದಿನ ವಸಂತಿ ಕೆಲಸದಿಂದ ಬಂದು ಚಹಾ ಕುಡಿದ ಮೇಲೆ, ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ, ಒಮ್ಮೆ ಡಾಕ್ಟರಿಗೆ ತೋರಿಸಬೇಕು ಎಂದರು. ಅದು 1993ರ ಡಿಸೆಂಬರ್. ನಂದಿತಾಳಿಗೆ ಒಂಬತ್ತು ತಿಂಗಳು.

ವಸಂತಿ ಮೊದಲು ನಕ್ಕರು. ಆಮೇಲೆ ತಾವೇ ಚಪ್ಪಾಳೆ ತಟ್ಟಿ ನೋಡಿದರು. ಎದುರಿಗೆ ನಿಂತು ತಟ್ಟಿದ್ದರಿಂದ ಮಗು ಕೈಗಳನ್ನು ನೋಡಿ ನಕ್ಕಿತು. ಅಷ್ಟು ಸಾಕಾಯಿತು. ಕೆಲವು ಮಕ್ಕಳು ಎಲ್ಲದರಲ್ಲೂ ತಡ ಎಂದು ಮನೆಯವರೇ ಸಮಾಧಾನ ಮಾಡಿಕೊಂಡರು. ಆದರೆ ಸುಮಿತ್ರ ಮರುದಿನವೂ ಹೇಳಿದಾಗ ಅಜ್ಜಿಗೆ ತಡೆದುಕೊಳ್ಳಲಾಗಲಿಲ್ಲ. “ಬಾಯಲ್ಲಿ ಬಂದದ್ದು ಮಗುವಿಗೆ ತಾಗ್ತದೆ. ಅಂಥ ಬಾಯಿ ಈ ಮನೆಯಲ್ಲಿ ಬೇಡ,” ಎಂದರು. ವಸಂತಿ ಅತ್ತೆಯನ್ನು ತಡೆಯಲಿಲ್ಲ. ಸುಮಿತ್ರ ಮಗುವಿಗೆ ಕೊನೆಯ ಸಲ ಮಣ್ಣಿ ತಿನ್ನಿಸಿ, ಬಾಯಿ ಒರೆಸಿ, ಬ್ಯಾಗ್ ಹಿಡಿದು ಹೊರಗೆ ಬಂದರು.

ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಪತ್ರಿಕೆಯಲ್ಲಿ ಜಾಹೀರಾತು ಬರುವುದಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬೀಳುವ ಮಾತೇ ಅರ್ಜಿ, ಅದೇ ಸಂದರ್ಶನ. ಕೊಚ್ಚಿಯ ಕನ್ನಡದ ಮನೆಗಳು ಒಂದನ್ನೊಂದು ಬಲ್ಲವು. ಸುಮಿತ್ರ ಮೂರು ಮನೆಗಳ ಬಾಗಿಲು ತಟ್ಟುವ ಮೊದಲೇ, ಆಕೆ ಮಕ್ಕಳ ಬಗ್ಗೆ ಅಪಶಕುನ ನುಡಿಯುವವಳು ಎಂಬ ಸುದ್ದಿ ಅಲ್ಲಿಗೆ ತಲುಪಿತ್ತು. ನಾಲ್ಕನೆಯದನ್ನು ತಟ್ಟಲಿಲ್ಲ. ವೈಟ್ಟಿಲದ ಜಂಕ್ಷನ್ನಿನಲ್ಲಿ ಬಸ್ಸು ಹತ್ತಿ ತಿರುವನಂತಪುರಕ್ಕೆ ಬಂದರು. ಕುಂಬಳೆಯಲ್ಲಿ ನೆರೆಮನೆಯವರಾಗಿದ್ದ ಫಾತಿಮಾ ಅಲ್ಲಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದರು. ಯಾವ ಬಾಣಂತಿಗೆ ತಾಯಿಮನೆಯ ಆಸರೆಯಿಲ್ಲ, ಯಾರ ರಜೆ ಯಾವಾಗ ಮುಗಿಯುತ್ತದೆ ಎಂಬುದು ಫಾತಿಮಾಗೆ ಗೊತ್ತಿರುತ್ತಿತ್ತು. ಅವರು ವಿಳಾಸ ಕೊಟ್ಟಲ್ಲೆಲ್ಲ ಸುಮಿತ್ರ ಹೋದರು.

ಒಂದು ಮನೆಯಲ್ಲಿ ಉಗುರು ತೋರಿಸಲು ಹೇಳಿದರು. ಇನ್ನೊಂದರಲ್ಲಿ ಎದೆಯ ಎಕ್ಸ್‌ರೇ ಕೇಳಿದರು. ಮೀನು ತಿನ್ನುತ್ತೀರಾ ಎಂದು ಕೇಳಿ, ಹೌದೆಂದ ಕೂಡಲೇ ಬಾಗಿಲು ಮುಚ್ಚಿದವರೂ ಇದ್ದರು. ಇವೆಲ್ಲಕ್ಕೂ ಅವರು ಬೇಸರಪಡಲಿಲ್ಲ, ಹಸುಗೂಸನ್ನು ಕೈಗೆ ಕೊಡುವವರು ಕೇಳಲೇಬೇಕಲ್ಲ ಎನ್ನುತ್ತಾರೆ. ತಡೆಯುತ್ತಿದ್ದದ್ದು ಒಂದೇ ಪ್ರಶ್ನೆ: ಹಿಂದಿನ ಮನೆಯನ್ನು ಯಾಕೆ ಬಿಟ್ಟಿರಿ? ಸುಳ್ಳು ಹೇಳು, ಯಜಮಾನರಿಗೆ ವರ್ಗವಾಯಿತೆನ್ನು ಎಂದು ಫಾತಿಮಾ ಹೇಳಿಕೊಟ್ಟರು. ಸುಮಿತ್ರ ಅವರ ನಾಲಿಗೆ ತಿರುಗಲಿಲ್ಲ. ಹೀಗೆ ಎರಡೂವರೆ ತಿಂಗಳು ಕಳೆಯಿತು.

1994ರ ಮಾರ್ಚ್‌ನಲ್ಲಿ ಶ್ರೀಕಾರ್ಯಂನ ಈ ಮನೆಗೆ ಬಂದರು. ಗೆಡ್ಡೆ ಬೆಳೆಗಳ ವಿಜ್ಞಾನಿ ವಿಶ್ವೇಶ್ವರ, ಬ್ಯಾಂಕಿನಲ್ಲಿರುವ ಹೆಂಡತಿ ನಿರ್ಮಲ, ಇಬ್ಬರೂ ಮೈಸೂರಿನವರು. ಆಗ ಶ್ರೇಯಸ್‌ಗೆ ಎರಡು ತಿಂಗಳು. ನಿರ್ಮಲ ಅದೇ ಪ್ರಶ್ನೆ ಕೇಳಿದರು. ಸುಮಿತ್ರ ನಡೆದದ್ದನ್ನು ನಡೆದ ಹಾಗೆ ಹೇಳಿದರು. ನಿರ್ಮಲ ಮಡಿಲಲ್ಲಿದ್ದ ಮಗುವನ್ನು ಒಮ್ಮೆ ನೋಡಿ, “ನನ್ ಮಗೂಗೆ ಹಾಗೇನಾದ್ರೂ ಇದ್ರೆ ನಂಗೂ ಹೇಳ್ತೀರಾ?” ಎಂದು ಕೇಳಿದರು.

“ಗೊತ್ತಾದ ದಿನವೇ ಹೇಳ್ತೇನೆ.”

“ಹಾಗಾದ್ರೆ ನಾಳೆಯಿಂದ ಬನ್ನಿ ಸುಮಿತ್ರಮ್ಮ.”

ಅಲ್ಲಿಗೆ ಕಥೆ ಮುಗಿಯಬಹುದಿತ್ತು. 1995ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಗೇಟಿನ ಬಳಿ ವಸಂತಿ ನಿಂತಿದ್ದರು. ವಿಳಾಸವನ್ನು ಕುಂಬಳೆಯ ತಂಗಿಯಿಂದ ಪಡೆದಿದ್ದರಂತೆ. ಸೊಂಟದ ಮೇಲೆ ಎರಡೂವರೆ ವರ್ಷದ ನಂದಿತಾ. ಎದೆಗೆ ಪಟ್ಟಿಯಿಂದ ಕಟ್ಟಿದ ಶ್ರವಣಯಂತ್ರದ ಪುಟ್ಟ ಡಬ್ಬಿ, ಅದರಿಂದ ಎರಡೂ ಕಿವಿಗೆ ತಂತಿ. ವಸಂತಿ ಒಳಗೆ ಬಂದು ನೀರು ಕುಡಿದರು. ಲೋಟವನ್ನು ಕೆಳಗಿಡಲೂ ಮರೆತು ಬಹಳ ಹೊತ್ತು ಕುಳಿತರು.

“ಸುಮಿತ್ರಕ್ಕ, ನೀವು ಹೇಳಿ ಒಂದೂಮುಕ್ಕಾಲು ವರ್ಷ ಆಯ್ತು,” ಎಂದರು.

ಒಂಬತ್ತು ತಿಂಗಳಲ್ಲೇ ಯಂತ್ರ ಹಾಕಿದ್ದರೆ ಮಾತು ಬೇಗ ಕೂಡುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ವಸಂತಿ ನಿರ್ಮಲ ಅವರಿಗೆ ತಿಳಿಸಿದ್ದರು, ಸುಮಿತ್ರ ಅದನ್ನು ಆಮೇಲೆ ನಿರ್ಮಲ ಅವರ ಬಾಯಿಂದ ಕೇಳಿದರು. ತಮ್ಮನ್ನು ಹೊರಗೆ ಹಾಕಿದ ಮನೆಯ ಮೇಲೆ ಅವರಿಗೆ ಈಗ ಸಿಟ್ಟಿಲ್ಲ. ಸಿಟ್ಟೆಲ್ಲ ಬೇರೆ ಕಡೆಗೆ. “ಅಮ್ಮ ಅಂದ್ಮೇಲೆ ನಂಬ್ಲಿಕ್ಕೆ ಕಷ್ಟವೇ. ನನಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ನಾನು ಮರ್ಯಾದೆ ನೋಡಿಕೊಂಡು ಬ್ಯಾಗ್ ಹಿಡಿದು ಬಂದೆ. ಮಗು ಅಲ್ಲೇ ಉಳೀತು,” ಎನ್ನುವಾಗ ಅವರ ಧ್ವನಿ ಏರುವುದಿಲ್ಲ. ಕೈ ಮಾತ್ರ ಒಣಗಿದ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತದೆ.

ದಾಮೋದರ ವರ್ಗ ಕೇಳಿ ತಿರುವನಂತಪುರಕ್ಕೇ ಬಂದರು. ಕಿವಿ ಕೇಳದ ಮಕ್ಕಳ ಶಾಲೆ ಇಲ್ಲಿತ್ತು. ನೀವು ಮತ್ತೆ ನಮ್ಮಲ್ಲಿಗೇ ಬನ್ನಿ ಎಂದು ವಸಂತಿ ಕರೆದಾಗ ಸುಮಿತ್ರ ಹೋಗಲಿಲ್ಲ. ಕೈಯಲ್ಲಿರುವ ಕೂಸನ್ನು ಬಿಟ್ಟು ಬರುವುದಿಲ್ಲ ಎಂದರು. ಬದಲಿಗೆ ಭಾನುವಾರದ ರಜೆಯನ್ನು ಅಲ್ಲಿಗೆ ಕೊಟ್ಟರು. ಎರಡೂವರೆ ವರ್ಷದಿಂದ ಪ್ರತಿ ಭಾನುವಾರ ನಂದಿತಾಳ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಹಿಡಿದು, ಗಂಟಲಿನ ಅದುರು ಅಂಗೈಗೆ ತಿಳಿಯುವಂತೆ ಒಂದೊಂದೇ ಮಾತು ಹೇಳುತ್ತಾರೆ. ಹುಡುಗಿ ಮೊದಲು ಆಡಿದ ಮಾತು ‘ತಾ’. ಕನ್ನಡದಲ್ಲಿ ತೆಗೆದುಕೊಂಡು ಬಾ ಎಂದಾಯಿತು, ಮಲಯಾಳದಲ್ಲಿ ಕೊಡು ಎಂದಾಯಿತು. ಯಾವ ಭಾಷೆಯದೆಂದು ಯಾರೂ ಕೇಳಲಿಲ್ಲ. ಐದು ವರ್ಷದ ಅವಳ ಬಳಿ ಈಗ ನಲವತ್ತರಷ್ಟು ಮಾತುಗಳಿವೆ. ಅದು ಸಾಲದು ಎಂಬುದು ಎಲ್ಲರಿಗೂ ಗೊತ್ತು.

ಬರುವ ಮೇ ತಿಂಗಳಲ್ಲಿ ವಿಶ್ವೇಶ್ವರ ಅವರಿಗೆ ಒರಿಸ್ಸಾಕ್ಕೆ ವರ್ಗ. ಜೊತೆಗೆ ಬನ್ನಿ ಎಂದು ನಿರ್ಮಲ ಕೇಳಿದ್ದಾರೆ, ಭಾನುವಾರಗಳು ತಪ್ಪುತ್ತವೆಂದು ಸುಮಿತ್ರ ಒಪ್ಪಿಲ್ಲ. ಹಾಗಾಗಿ ಐವತ್ತೊಂದರಲ್ಲಿ ಮತ್ತೊಮ್ಮೆ ಕೆಲಸದ ಹುಡುಕಾಟ. ಅವರಿಗೆ ಬೇರೇನೂ ಆಸೆಯಿಲ್ಲ. ಮೂರು ತಿಂಗಳಿಗಿಂತ ಸಣ್ಣ ಮಗು ಸಿಗಬೇಕು, ನೋಡುವುದಿದ್ದರೆ ಮೊದಲಿನಿಂದಲೇ ನೋಡಬೇಕು, ಅಷ್ಟೆ.

ಕಳೆದ ಶನಿವಾರ ಫಾತಿಮಾ ಕೊಟ್ಟ ವಿಳಾಸ ಹಿಡಿದು ಒಂದು ಮನೆಗೆ ಹೋಗಿದ್ದಾರೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿರುವ ಐಶ್ವರ್ಯ, ಶಿವಮೊಗ್ಗದವರು, ಎರಡು ತಿಂಗಳ ಬಾಣಂತಿ. ಹಿಂದಿನ ಮನೆಯವರ ಪತ್ರ ಇದೆಯೇ ಎಂದು ಕೇಳುತ್ತಾರೆ. ಈ ಸಲ ಸುಮಿತ್ರ ಅವರ ಬ್ಯಾಗಿನಲ್ಲಿ ನಿರ್ಮಲ ಬರೆದುಕೊಟ್ಟ ಎರಡು ಪುಟದ ಪತ್ರವಿದೆ. ಅವರು ಅದನ್ನು ತೆಗೆಯದೆ, ಮೊದಲು ಒಂದು ಮಾತು ಉಂಟು ಎನ್ನುತ್ತಾರೆ.

“ಮಗುವಿನಲ್ಲಿ ನನಗೆ ಎಂತಾದ್ರೂ ಕಂಡ್ರೆ ಹೇಳ್ತೇನೆ. ಒಂದ್ಸಲ ಹೇಳಿ ಸುಮ್ಮನಾಗುದಿಲ್ಲ. ನೀವು ನನ್ನನ್ನು ಹೊರಗೆ ಹಾಕಿದ್ರೂ, ಡಾಕ್ಟ್ರಿಗೆ ತೋರಿಸುವವರೆಗೆ ನಿಮ್ಮ ಮೆಟ್ಟಿಲ ಮೇಲೆ ಕೂತಿರ್ತೇನೆ. ಒಪ್ಪಿಗೆ ಇದ್ರೆ ಮಗುವನ್ನು ಕೊಡಿ.”

ಐಶ್ವರ್ಯ ಎದ್ದು ಒಳಗೆ ಹೋಗಿ, ನಿದ್ದೆಗಣ್ಣಿನ ಮಗುವನ್ನು ತೊಟ್ಟಿಲಿನಿಂದ ಎತ್ತಿ ತರುತ್ತಾರೆ.